ಶುಲ್ಕದ ರಸೀದಿ ಮತ್ತು ನಮ್ಮ ಮೌನ

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳ ವಿದ್ಯಾರ್ಥಿಗಳು ಹಾಗೂ ಹೆತ್ತವರಿಗಾಗಿ ಕೊಟ್ಟೂರಿನಲ್ಲಿ ಕರೆಯಲಾಗಿದ್ದ ಸಭೆಯಲ್ಲಿ ನಿವೃತ್ತ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಭೆ ಆರಂಭವಾಗುವ ಮುನ್ನ ಹೊರಗೆ ಚಹಾ ಕುಡಿಯುತ್ತಿದ್ದಾಗ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಸರ್, ಹಕ್ಕು ಹಕ್ಕು ಎಂದು ಮಕ್ಕಳಿಗೆ ಬಹಳ ಹೇಳಬೇಡಿರಿ. ಓದುವುದನ್ನು ಬಿಟ್ಟು ಬಾವುಟ ಹಿಡಿದಾರು. ನಮ್ಮ ಹುಡುಗರ ಹೆಸರು ಒಮ್ಮೆ ಪೊಲೀಸ್ ಸ್ಟೇಷನ್ನಿನ ಪುಸ್ತಕದಲ್ಲಿ ಬಿತ್ತೆಂದರೆ ಅಳಿಸುವವರಾರು?" ಎಂದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅದು ಹೇಡಿತನದ ಮಾತಲ್ಲ, ಅನುಭವದ ಮಾತು. ಆದರೆ ಅದೇ ಭಯವನ್ನು ಇಟ್ಟುಕೊಂಡು ನಾವು ಎಷ್ಟು ಹಣ ಕಳೆದುಕೊಂಡಿದ್ದೇವೆ, ಎಷ್ಟು ಮಕ್ಕಳ ಓದನ್ನು ಅರ್ಧಕ್ಕೆ ನಿಲ್ಲಿಸಿದ್ದೇವೆ ಎಂಬ ಲೆಕ್ಕವನ್ನೂ ಒಮ್ಮೆ ಹಾಕಬೇಕಲ್ಲವೇ? ಇಂದು ಆ ಲೆಕ್ಕವನ್ನು ನನ್ನಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಹಗರಿಬೊಮ್ಮನಹಳ್ಳಿಯ ದರ್ಜಿಯೊಬ್ಬರು ನನ್ನ ಮನೆಗೆ ಬಂದರು. ಅವರ ಮಗ ದೂರದ ನಗರವೊಂದರ ಖಾಸಗಿ ಕಾಲೇಜಿನಲ್ಲಿ ಪದವಿಗೆ ಸೇರಿದ್ದ. ಎರಡು ವಾರಗಳಲ್ಲಿ ಸಮೀಪದ ಸರಕಾರಿ ಕಾಲೇಜಿನಲ್ಲಿಯೇ ಅವನಿಗೆ ಸೀಟು ದೊರೆಯಿತು. ಖಾಸಗಿ ಕಾಲೇಜನ್ನು ಬಿಡಲು ಹೋದರೆ ಅಲ್ಲಿಯ ಕಚೇರಿಯವರು, ಮೂರೂ ವರ್ಷಗಳ ಶುಲ್ಕ ಕಟ್ಟಿದರೆ ಮಾತ್ರ ಎಸೆಸೆಲ್ಸಿ ಮತ್ತು ಪಿಯುಸಿಯ ಮೂಲ ಅಂಕಪಟ್ಟಿ ಕೊಡುತ್ತೇವೆ ಎಂದರು. ತಂದೆ ಮೂರು ಬಾರಿ ರಾತ್ರಿ ಬಸ್ಸಿನಲ್ಲಿ ಹೋಗಿ ಕೈಮುಗಿದು ಬಂದರು. ಕೊನೆಗೆ, "ಸರ್, ಏನು ಮಾಡಲಿ?" ಎಂದು ನನ್ನನ್ನು ಕೇಳಿದರು. ಮೂವತ್ತು ವರ್ಷ ಪಾಠ ಹೇಳಿದ ನಾನು ಕೊಟ್ಟ ಸಲಹೆ ಏನು ಗೊತ್ತೇ? "ದೊಡ್ಡವರ ಜೊತೆ ಜಗಳ ಬೇಡ ಚಾಚಾ, ಹೇಗಾದರೂ ಮಾಡಿ ಕಟ್ಟಿಬಿಡಿ." ಅವರು ಅಂಗಡಿಯಲ್ಲಿದ್ದ ಎರಡು ಹೊಲಿಗೆ ಯಂತ್ರಗಳಲ್ಲಿ ಒಂದನ್ನು ಮಾರಿ ಮೊದಲ ಕಂತನ್ನು ಕಟ್ಟಿಯೂಬಿಟ್ಟರು.

ಮುಂದಿನ ಕಂತಿಗೆ ಹೋದಾಗ ಆ ಕಾಲೇಜಿನ ಗೇಟಿನ ಬಳಿ ಕೆಲವು ವಿದ್ಯಾರ್ಥಿಗಳು ಅವರ ಅಳು ಮುಖವನ್ನು ನೋಡಿ ವಿಚಾರಿಸಿದ್ದಾರೆ. ಎಂಟು ಹತ್ತು ಹುಡುಗರು ಸೇರಿ ಒಂದು ಅರ್ಜಿ ಬರೆದು, ಯುಜಿಸಿಯ ಆದೇಶವನ್ನು ಅದಕ್ಕೆ ಲಗತ್ತಿಸಿ, ಪ್ರಾಂಶುಪಾಲರ ಕೊಠಡಿಯ ಮುಂದೆ ಸುಮ್ಮನೆ ಕುಳಿತಿದ್ದಾರೆ. ಘೋಷಣೆಯಿಲ್ಲ, ಕಲ್ಲಿಲ್ಲ. ಸಂಜೆಯೊಳಗೆ ಅಂಕಪಟ್ಟಿ ಕೈಗೆ ಬಂತು. ಕಟ್ಟಿದ ಹಣದಲ್ಲಿ ಒಂದು ಭಾಗವೂ ಮರಳಿತು. ಆ ತಂದೆ ನನ್ನ ಮನೆಗೆ ಮಿಠಾಯಿ ತಂದುಕೊಟ್ಟು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಸರ್, ಆ ಹುಡುಗರಲ್ಲಿ ನಮ್ಮವನು ಒಬ್ಬನೂ ಇರಲಿಲ್ಲ." ನಮ್ಮವನೊಬ್ಬ ಏಕಿರಲಿಲ್ಲ? ಏಕೆಂದರೆ ನಮ್ಮ ಹುಡುಗರಿಗೆ "ಗಲಾಟೆಯಿಂದ ದೂರವಿರು" ಎಂದು ಹೇಳಿ ಬಸ್ಸು ಹತ್ತಿಸಿದವರು ನಾವೇ. ಮಿಠಾಯಿ ಗಂಟಲಿನಲ್ಲಿ ಇಳಿಯಲಿಲ್ಲ ಎಂಬುದನ್ನು ಹೇಳಲು ನನಗೆ ಸಂಕೋಚವಿಲ್ಲ.

ಈಗ ವಿಷಯಕ್ಕೆ ಬರೋಣ. ಶುಲ್ಕ ಎಂದರೆ ಪ್ರವೇಶದ ದಿನ ಕಟ್ಟುವ ಮೊತ್ತ ಮಾತ್ರವೆಂದು ನಾವು ತಿಳಿದಿದ್ದೇವೆ. ಸರಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬೋಧನಾ ಶುಲ್ಕ ಹೆಚ್ಚಿಲ್ಲ, ನಿಜ. ಆದರೆ ಅದರ ಬೆನ್ನಿಗೆ ಬರುವ ಪರೀಕ್ಷಾ ಶುಲ್ಕ, ನೋಂದಣಿ ಶುಲ್ಕ, ಅಂಕಪಟ್ಟಿಯ ಶುಲ್ಕ, ತಡವಾದರೆ ದಂಡ, ಘಟಿಕೋತ್ಸವದ ಶುಲ್ಕ, ಇವುಗಳನ್ನು ಕೂಡಿಸಿ ನೋಡಿದವರು ಕಡಿಮೆ. ಸ್ನಾತಕೋತ್ತರ ಪದವಿಗೆ ಹೋದರೆ ಮೆರಿಟ್ ಸೀಟು ಬೇರೆ, ಸ್ವ-ಆರ್ಥಿಕ ಸೀಟು ಬೇರೆ. ಒಂದೇ ಕೊಠಡಿ, ಒಂದೇ ಬೆಂಚು, ಒಂದೇ ಪಾಠ. ಶುಲ್ಕ ಮಾತ್ರ ಎರಡು ಬಗೆಯದು. ನಮ್ಮ ಈ ಐದು ತಾಲೂಕುಗಳಲ್ಲಿ ವಿಶ್ವವಿದ್ಯಾಲಯವೊಂದೂ ಇಲ್ಲ. 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇರುವುದು ಬಳ್ಳಾರಿಯಲ್ಲಿ. ಹರಪನಹಳ್ಳಿಯ ಹಳ್ಳಿಯೊಂದರಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಎಂದಮೇಲೆ ಬಾಡಿಗೆ ಕೋಣೆ, ಊಟ, ಬಸ್ಸು ಎಲ್ಲವೂ ಶುಲ್ಕದ ಭಾಗವೇ ಆಗುತ್ತವೆ. ಶೇಂಗಾ ಮತ್ತು ಮೆಕ್ಕೆಜೋಳದ ಬೆಲೆಯನ್ನು ನೋಡಿ ಮಗಳ ಓದನ್ನು ನಿರ್ಧರಿಸುವ ರೈತನಿಗೂ, ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೋಗುವ ಕೂಲಿಕಾರನಿಗೂ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗೆ ಕಟ್ಟಿದ ಹಣಕ್ಕೆ ಪಾಠವಾದರೂ ಸರಿಯಾಗಿ ಸಿಗುತ್ತಿದೆಯೇ? ರಾಜ್ಯದ ಸರಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಅವರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. 2023ರ ನವೆಂಬರ್‌ನಲ್ಲಿ ಸೇವಾ ಭದ್ರತೆಗಾಗಿ ಅವರು ತರಗತಿ ಬಹಿಷ್ಕರಿಸಿದಾಗ ವಾರಗಟ್ಟಲೆ ಪಾಠಗಳು ನಡೆಯಲಿಲ್ಲ. ಶುಲ್ಕ ಕಟ್ಟಿದ ವಿದ್ಯಾರ್ಥಿ ಖಾಲಿ ಬೆಂಚಿನ ಮೇಲೆ ಕುಳಿತು ಮನೆಗೆ ಬಂದ. ತಪ್ಪು ಆ ಉಪನ್ಯಾಸಕರದೆಂದು ನಾನು ಹೇಳಲಾರೆ. ಕಾಯಂ ಹುದ್ದೆ ತುಂಬದೆ ವರ್ಷಕ್ಕೊಮ್ಮೆ ಕರೆದು ಕಳುಹಿಸುವ ವ್ಯವಸ್ಥೆಯೇ ತಪ್ಪು.

ನಮ್ಮ ಜಿಲ್ಲೆಯಲ್ಲಿಯೇ, ಹಂಪಿಯ ಬಳಿ, 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವಿದೆ. ನಾಡಿನ ಭಾಷೆಗಾಗಿ ಸರಕಾರವೇ ಕಟ್ಟಿದ ಸಂಸ್ಥೆ. ಅನುದಾನ ಸೊರಗಿದಾಗ ಅಲ್ಲಿಯ ಸಂಶೋಧನಾ ವಿದ್ಯಾರ್ಥಿಗಳು ಬಾಕಿ ಶಿಷ್ಯವೇತನಕ್ಕಾಗಿ ಧರಣಿ ಕೂರಬೇಕಾಯಿತು. 2024ರಲ್ಲಿ ಅದು ವಿದ್ಯುತ್ ಬಿಲ್ಲನ್ನೂ ಕಟ್ಟಲಾರದ ಸ್ಥಿತಿಗೆ ಬಂದುದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಪಕ್ಕದ ಕೊಪ್ಪಳಕ್ಕೆ ಹೊಸ ವಿಶ್ವವಿದ್ಯಾಲಯ ಬಂತೆಂದು ಹಿಗ್ಗಿದ್ದಾಯಿತು. ಎರಡೇ ವರ್ಷಗಳಲ್ಲಿ, 2025ರ ಆರಂಭದಲ್ಲಿ, ಹಣವಿಲ್ಲವೆಂಬ ಕಾರಣಕ್ಕೆ ಅಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದಲೇ ಬಂತು. ಸರಕಾರ ಕೈ ಹಿಂತೆಗೆದಷ್ಟೂ ವಿಶ್ವವಿದ್ಯಾಲಯ ತನ್ನ ಖರ್ಚಿಗೆ ವಿದ್ಯಾರ್ಥಿಯ ಜೇಬಿಗೆ ಕೈ ಹಾಕುತ್ತದೆ. ಶುಲ್ಕ ಏರಿದಾಗ ನಾವು ಕುಲಪತಿಯನ್ನು ಬೈಯುತ್ತೇವೆ. ಬೈಗುಳದ ದೊಡ್ಡ ಪಾಲು ಬೆಂಗಳೂರಿನ ವಿಧಾನಸೌಧಕ್ಕೆ ಸಲ್ಲಬೇಕು.

ಇದೆಲ್ಲ ಇಂದು ನಿನ್ನೆಯದಲ್ಲ. ಶಿಕ್ಷಣ ಮಾರಾಟದ ಸರಕೇ ಎಂಬ ಪ್ರಶ್ನೆಯನ್ನು ಇಡೀ ದೇಶದ ಮುಂದೆ ಇಟ್ಟದ್ದು ಕರ್ನಾಟಕವೇ ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಕ್ಯಾಪಿಟೇಶನ್ ಎಂಬ ಪಿಡುಗು ನಮ್ಮ ರಾಜ್ಯದಲ್ಲಿ ಎಷ್ಟು ಬೆಳೆದಿತ್ತೆಂದರೆ 1984ರಲ್ಲಿ ಅದನ್ನು ನಿಷೇಧಿಸಲು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಆದರೆ ಅದೇ ಕಾಯ್ದೆಯ ಅಡಿಯಲ್ಲಿ 1989ರಲ್ಲಿ ಸರಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕವನ್ನು ಹೀಗೆ ನಿಗದಿ ಮಾಡಿತು: ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ಉತ್ತರ ಪ್ರದೇಶದ ಮೀರತ್‌ನಿಂದ ಬಂದ ವಿದ್ಯಾರ್ಥಿನಿಯೊಬ್ಬರಿಗೆ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಆ 60,000ವನ್ನು ಕೇಳಲಾಯಿತು. ತಂದೆಯಿಂದ ಅಷ್ಟು ಕೊಡಲಾಗಲಿಲ್ಲ. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈ 30ರಂದು ಬಂದ ಮೋಹಿನಿ ಜೈನ್ ಪ್ರಕರಣದ ತೀರ್ಪು, ಶಿಕ್ಷಣವು ಘನತೆಯಿಂದ ಬದುಕುವ ಹಕ್ಕಿನ ಭಾಗ, ಕ್ಯಾಪಿಟೇಶನ್ ಶುಲ್ಕವು ಸಂವಿಧಾನದ ಸಮಾನತೆಗೆ ವಿರುದ್ಧ ಎಂದು ಸಾರಿತು. ಮರುವರ್ಷ, 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಪೀಠ ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿದರೂ, ವೃತ್ತಿ ಶಿಕ್ಷಣ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಉಚಿತ ಸೀಟುಗಳೆಂದು ಪ್ರತಿಭೆಯ ಆಧಾರದಲ್ಲಿ ತುಂಬಬೇಕೆಂದಿತು. 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿಇಟಿ ಬಂತು. ಹಡಗಲಿಯ ಹಳ್ಳಿಯಲ್ಲಿ ಸೀಮೆಎಣ್ಣೆ ದೀಪದ ಕೆಳಗೆ ಓದಿದ ಹುಡುಗನೂ ರ್‍ಯಾಂಕ್ ತೋರಿಸಿ ಸೀಟು ಕೇಳಬಹುದಾದ ಕಾಲವದು. ಇಂದು ಈ ಭಾಗದ ಆಸ್ಪತ್ರೆಗಳಲ್ಲಿ ಕಾಣುವ ಎಷ್ಟೋ ವೈದ್ಯರು ಆ ಬಾಗಿಲಿನಿಂದ ಒಳಬಂದವರು.

ಆ ಬಾಗಿಲು ಹೇಗೆ ಕಿರಿದಾಯಿತು ಎಂಬುದು ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕಾದ ಕಥೆ. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಾಧೀಶರ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಉನ್ನಿಕೃಷ್ಣನ್ ವ್ಯವಸ್ಥೆಯನ್ನು ರದ್ದುಪಡಿಸಿತು. ಅನುದಾನರಹಿತ ಸಂಸ್ಥೆಗಳು ತಮ್ಮ ಶುಲ್ಕವನ್ನು ತಾವೇ ನಿಗದಿ ಮಾಡಬಹುದು, ಬೆಳವಣಿಗೆಗಾಗಿ ಸಮಂಜಸ ಉಳಿತಾಯ ಮಾಡಬಹುದು, ಲಾಭಕೋರತನ ಮತ್ತು ಕ್ಯಾಪಿಟೇಶನ್ ಮಾತ್ರ ಕೂಡದು ಎಂದಿತು. ಆ ತೀರ್ಪಿನ ಅರ್ಥವೇನೆಂಬ ಜಗಳ 2003ರಲ್ಲಿ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆ ಪ್ರಕರಣದ ಹೆಸರನ್ನು ಗಮನಿಸಿರಿ: ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಶನ್ ಮತ್ತು ಕರ್ನಾಟಕ ಸರಕಾರ. ಸಂಸ್ಥೆಗಳು ಶುಲ್ಕ ನಿಗದಿ ಮಾಡಿಕೊಳ್ಳಲಿ, ಆದರೆ ನಿವೃತ್ತ ಹೈಕೋರ್ಟ್ ನ್ಯಾಯಾಧೀಶರ ನೇತೃತ್ವದ ಸಮಿತಿ ಅದನ್ನು ಪರಿಶೀಲಿಸಬೇಕು ಎಂದು ನ್ಯಾಯಾಲಯ ಹೇಳಿತು. 2005ರ ಇನಾಂದಾರ್ ತೀರ್ಪು, ಅನುದಾನರಹಿತ ಕಾಲೇಜುಗಳಲ್ಲಿ ಸರಕಾರ ತನ್ನ ಕೋಟಾವನ್ನು ಹೇರುವಂತಿಲ್ಲವೆಂದಿತು. ಅದಕ್ಕೆ ಉತ್ತರವಾಗಿ ಸಂಸತ್ತು 93ನೇ ತಿದ್ದುಪಡಿ ತಂದು ಹಿಂದುಳಿದವರಿಗೆ ಮೀಸಲಾತಿಯ ದಾರಿ ತೆರೆಯಿತು. ಅದರಿಂದ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಹೊರಗಿಡಲಾಯಿತು. 2014ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಸೀಟುಗಳಿಂದಲೂ ಅಲ್ಪಸಂಖ್ಯಾತ ಶಾಲೆಗಳಿಗೆ ವಿನಾಯಿತಿ ದೊರೆಯಿತು.

ಸಂವಿಧಾನದ 30ನೇ ವಿಧಿ ನಮಗೆ ದೊರೆತ ಅಮೂಲ್ಯ ರಕ್ಷಣೆ. ಅದನ್ನು ಯಾರೇ ಮುಟ್ಟಲು ಬಂದರೂ ನಾವು ವಿರೋಧಿಸುತ್ತೇವೆ, ವಿರೋಧಿಸಬೇಕು. ಆದರೆ ಆ ವಿಧಿಯನ್ನು ಬರೆದದ್ದು ಯಾರಿಗಾಗಿ? ನಮ್ಮ ಸಮುದಾಯದ ಹೆಸರಿನಲ್ಲಿ ಪರವಾನಿಗೆ ಪಡೆದ ಸಂಸ್ಥೆಯ ಗೇಟಿನಲ್ಲಿ ನಮ್ಮದೇ ಆಟೋ ಚಾಲಕನ ಮಗಳು ಡೊನೇಶನ್ ಕೊಡಲಾಗದೆ ಹಿಂದಿರುಗಿದರೆ ಆ ವಿಧಿ ಯಾರನ್ನು ರಕ್ಷಿಸಿತು? ಇಲ್ಲಿ ಯಾವುದೇ ಸಂಸ್ಥೆಯ ಹೆಸರನ್ನು ನಾನು ಹೇಳುತ್ತಿಲ್ಲ. ಬಹಳ ಒಳ್ಳೆಯ ಕೆಲಸ ಮಾಡುವ ಸಂಸ್ಥೆಗಳೂ ಇವೆ. ಆದರೆ ಸರಕಾರದ ಶುಲ್ಕ ಹೆಚ್ಚಳದ ವಿರುದ್ಧ ಮಾತನಾಡುವ ನಮ್ಮ ಮುಖಂಡರು ತಾವು ಟ್ರಸ್ಟಿಗಳಾಗಿರುವ ಸಂಸ್ಥೆಯ ಜಮಾ ಖರ್ಚನ್ನು ಜುಮಾ ನಮಾಝಿನ ಬಳಿಕ ಓದಿ ಹೇಳಲು ಸಿದ್ಧರಿದ್ದಾರೆಯೇ? ಇದನ್ನು ಕೇಳುವ ಹಕ್ಕು ಹೆತ್ತವರಿಗಿದೆ.

ಇನ್ನು ಹೋರಾಟದಿಂದ ಏನಾಗುತ್ತದೆ ಎಂಬ ಪ್ರಶ್ನೆ. ಎರಡು ಉದಾಹರಣೆಗಳು ನಮ್ಮ ರಾಜ್ಯದಲ್ಲಿಯೇ ಇವೆ. ಮೊದಲನೆಯದು, ವೃತ್ತಿ ಶಿಕ್ಷಣ ಕಾಲೇಜುಗಳ ಪ್ರವೇಶ ಮತ್ತು ಶುಲ್ಕದ ಬಗ್ಗೆ ರಾಜ್ಯ ಮಾಡಿದ 2006ರ ಕಾಯ್ದೆಯದು. ಆ ಕಾಯ್ದೆಯನ್ನು ಬದಿಗಿಟ್ಟು ಸರಕಾರ ಮತ್ತು ಖಾಸಗಿ ಕಾಲೇಜುಗಳು ಪ್ರತಿವರ್ಷ ಸೀಟು ಹಂಚಿಕೆಯ ಒಪ್ಪಂದ ಮಾಡಿಕೊಳ್ಳುತ್ತಿದ್ದವು. 2013ರ ಡಿಸೆಂಬರ್‌ನಲ್ಲಿ ಆ ಕಾಯ್ದೆಯನ್ನು ಜಾರಿಗೆ ತರುವ ಮಾತು ಬಂತು. ಬಂದರೆ ಖಾಸಗಿ ಕಾಲೇಜುಗಳಲ್ಲಿ ಸರಕಾರಿ ಕೋಟಾದ ಕಡಿಮೆ ಶುಲ್ಕದ ಸೀಟುಗಳು ಕೈತಪ್ಪುತ್ತವೆ ಎಂದು ವಿದ್ಯಾರ್ಥಿಗಳು ರಾಜ್ಯದಾದ್ಯಂತ ಬೀದಿಗಿಳಿದರು. ಪರಸ್ಪರ ಮುಖ ನೋಡದ ಸಂಘಟನೆಗಳೂ ಅಂದು ಒಂದೇ ಬೇಡಿಕೆ ಇಟ್ಟವು. ಸರಕಾರ ಹಿಂದೆ ಸರಿದು ಕಾಯ್ದೆಯನ್ನು ತಡೆಹಿಡಿಯಿತು. ಅದರ ಮುಂದಿನ ವರ್ಷ ಸಿಇಟಿಯಿಂದ ಕಡಿಮೆ ಶುಲ್ಕದ ಸೀಟು ಪಡೆದ ಪ್ರತಿಯೊಂದು ಮನೆಯೂ, ಆ ಮನೆಯ ಮಗ ಬೀದಿಗೆ ಬಂದಿರಲಿ ಬಿಡಲಿ, ಆ ಹೋರಾಟದ ಫಲವನ್ನು ಉಂಡಿದೆ.

ಎರಡನೆಯದು ನಿಮ್ಮ ಕಣ್ಣೆದುರಿನದು. ಹರಪನಹಳ್ಳಿಯಿಂದ ಬಂದವರು ಇಲ್ಲಿ ಬಹಳ ಮಂದಿ ಕುಳಿತಿದ್ದೀರಿ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ನಿಮ್ಮ ತಾಲೂಕು ಬಳ್ಳಾರಿಯಿಂದ ಅತ್ತ ಸೇರಿತು. ಅಂದು ಅದರ ಬೆಲೆ ಯಾರಿಗೂ ತಿಳಿಯಲಿಲ್ಲ. ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ವಿಧಿ ಬಂದು 2013ರಲ್ಲಿ ಜಾರಿಯಾದಾಗ ತಿಳಿಯಿತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳು. ಕೊಟ್ಟೂರಿನ ಹುಡುಗನಿಗೆ ಇದು ದೊರೆಯಿತು. ಅದೇ ಬರ, ಅದೇ ಕೆಂಪು ಮಣ್ಣು, ಅದೇ ಬಡತನದ ಹರಪನಹಳ್ಳಿಯ ಹುಡುಗನಿಗೆ ದೊರೆಯಲಿಲ್ಲ. ಒಂದು ಗಂಟೆಯ ಬಸ್ ಪ್ರಯಾಣದ ಅಂತರದಲ್ಲಿ ಒಬ್ಬನಿಗೆ ಸರಕಾರಿ ಶುಲ್ಕದ ಸೀಟು, ಇನ್ನೊಬ್ಬನಿಗೆ ಖಾಸಗಿ ಶುಲ್ಕದ ಸೀಟು ಅಥವಾ ಏನೂ ಇಲ್ಲ. ಧರಣಿಗಳು ನಡೆದವು, ಬಂದ್‌ಗಳು ನಡೆದವು, ವಿದ್ಯಾರ್ಥಿಗಳು ಪುಸ್ತಕದ ಚೀಲ ಹೊತ್ತೇ ರಸ್ತೆಗೆ ಬಂದರು. 2018ರಲ್ಲಿ ತಾಲೂಕನ್ನು ಬಳ್ಳಾರಿಗೆ ಮರಳಿಸುವ ತೀರ್ಮಾನವಾಯಿತು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಈಗ ನೀವು ನಮ್ಮ ಜೊತೆಗಿದ್ದೀರಿ. ಆ ನಡುವಿನ ವರ್ಷಗಳಲ್ಲಿ ಪಿಯುಸಿ ಮುಗಿಸಿದವರಿಗೆ ಮಾತ್ರ ಹೋದ ಸೀಟು ಹೋದದ್ದೇ. ಹಕ್ಕು ತಡವಾಗಿ ಬಂದರೆ ಒಂದು ತಲೆಮಾರಿನ ಒಂದು ಪಾಲು ಹೊರಗೇ ಉಳಿಯುತ್ತದೆ.

ಹೊರಗಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 2019ರ ಕೊನೆಯಲ್ಲಿ ದೆಹಲಿಯ ಜೆಎನ್‌ಯುವಿನಲ್ಲಿ ಹಾಸ್ಟೆಲ್ ಕೋಣೆಯ ಬಾಡಿಗೆಯನ್ನು ತಿಂಗಳಿಗೆ 20 ರೂಪಾಯಿಯಿಂದ 600ಕ್ಕೆ ಏರಿಸಲು ಹೊರಟಾಗ, "ಅಷ್ಟೂ ಕೊಡಲಾಗದೇ?" ಎಂದು ದೂರದರ್ಶನದ ಮುಂದೆ ಕುಳಿತವರು ಗೇಲಿ ಮಾಡಿದರು. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 40ರಷ್ಟು ಮಂದಿ ತಿಂಗಳಿಗೆ 12,000 ರೂಪಾಯಿಗಿಂತ ಕಡಿಮೆ ಆದಾಯದ ಕುಟುಂಬಗಳಿಂದ ಬಂದವರೆಂದು ಆ ವಿಶ್ವವಿದ್ಯಾಲಯದ ವಾರ್ಷಿಕ ವರದಿಯೇ ಹೇಳಿತ್ತು. ಹೋರಾಟದ ಬಳಿಕ ಏರಿಕೆಯ ಒಂದು ಭಾಗವನ್ನು ಹಿಂತೆಗೆಯಲಾಯಿತು. 2022ರಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯ ಪದವಿ ಶುಲ್ಕವನ್ನು ವರ್ಷಕ್ಕೆ 975ರಿಂದ 4,151 ರೂಪಾಯಿಗೆ ಏರಿಸಿತು. ಅಲ್ಲಿ ವಿದ್ಯಾರ್ಥಿಗಳು ಉಪವಾಸ ಕುಳಿತರು. ದಕ್ಷಿಣ ಆಫ್ರಿಕಾದಲ್ಲಿ 2015ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿಗಳು ದೇಶದ ವಿಶ್ವವಿದ್ಯಾಲಯಗಳನ್ನೇ ಸ್ತಬ್ಧಗೊಳಿಸಿದಾಗ ಅಧ್ಯಕ್ಷರು ಮುಂದಿನ ವರ್ಷ ಶುಲ್ಕ ಏರಿಕೆಯಿಲ್ಲವೆಂದು ಪ್ರಕಟಿಸಬೇಕಾಯಿತು. ಎಲ್ಲ ಹೋರಾಟವೂ ಗೆಲ್ಲುವುದಿಲ್ಲ. ಕೇಳದೆ ಇಳಿದ ಶುಲ್ಕವನ್ನು ಮಾತ್ರ ನಾನು ಕಂಡಿಲ್ಲ.

ನಮ್ಮ ಸಮುದಾಯಕ್ಕೆ ಈ ವಿಷಯ ಇತರರಿಗಿಂತ ಹೆಚ್ಚು ತೀವ್ರವಾಗಿ ತಟ್ಟುತ್ತದೆ. 2006ರ ಸಾಚಾರ್ ಸಮಿತಿಯ ವರದಿ, ದೇಶದ ಪ್ರಮುಖ ಕಾಲೇಜುಗಳಲ್ಲಿ ಪದವಿ ಓದುವ ಇಪ್ಪತ್ತೈದು ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ಓದುವ ಐವತ್ತು ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದಿತ್ತು. ಆ ಬಳಿಕ ಸ್ಥಿತಿ ನಿಧಾನವಾಗಿ ಸುಧಾರಿಸುತ್ತಿತ್ತು. ಕೊರೋನಾ ಬಂದ ವರ್ಷ ಅದು ಹಿಂದಕ್ಕೆ ಜಾರಿತು. ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ ಉನ್ನತ ಶಿಕ್ಷಣದಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 2019-20ರಲ್ಲಿ ಸುಮಾರು 21 ಲಕ್ಷವಿದ್ದದ್ದು 2020-21ರಲ್ಲಿ ಸುಮಾರು 19.2 ಲಕ್ಷಕ್ಕೆ ಇಳಿಯಿತು. ಅದೇ ಹೊತ್ತಿನಲ್ಲಿ ಕೈಹಿಡಿಯಬೇಕಾದ ಯೋಜನೆಗಳು ಒಂದೊಂದಾಗಿ ಮುಚ್ಚಿದವು. 2022ರಲ್ಲಿ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್-ಪೂರ್ವ ವಿದ್ಯಾರ್ಥಿವೇತನ ನಿಂತಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ನಿಂತಿತು. 2024ರಲ್ಲಿ ಮೌಲಾನಾ ಆಝಾದ್ ಶಿಕ್ಷಣ ಪ್ರತಿಷ್ಠಾನವನ್ನೇ ಮುಚ್ಚಲು ಆದೇಶವಾಯಿತು. ರಾಜ್ಯದಲ್ಲಿಯೂ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿ ಕೊಡುತ್ತಿದ್ದ ಶೈಕ್ಷಣಿಕ ಸಹಾಯಧನವನ್ನು 2023ರಲ್ಲಿ ಬಹಳಷ್ಟು ಇಳಿಸಲಾಯಿತು. ಪ್ರತಿಭಟನೆಗಳು ನಡೆದವು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಈ ಸಭೆಯಲ್ಲಿ ಗಾರೆ ಕೆಲಸ, ಕಂಬಿ ಕೆಲಸ, ಬಣ್ಣದ ಕೆಲಸ ಮಾಡುವವರು ಎಷ್ಟು ಮಂದಿ ಇದ್ದೀರೋ ನಾನರಿಯೆ. ಕಾರ್ಮಿಕ ಕಾರ್ಡ್ ಮಾಡಿಸಿಕೊಂಡವರು ಅದಕ್ಕಿಂತ ಕಡಿಮೆ ಇರುತ್ತಾರೆಂಬುದನ್ನು ಮಾತ್ರ ಬಲ್ಲೆ.

ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆ ಇದೆ. ಆದರೆ ಅದು ಸಾಲ, ಮರುಪಾವತಿಸಬೇಕು. ಬ್ಯಾಂಕಿನ ಶಿಕ್ಷಣ ಸಾಲ ಇದೆ, ಅದಕ್ಕೆ ಬಡ್ಡಿ ಇದೆ. ಬಡ್ಡಿಯಿಂದ ದೂರವಿರಬೇಕೆಂದು ಬ್ಯಾಂಕಿಗೆ ಹೋಗದ ಕುಟುಂಬಗಳನ್ನು ನಾನು ಗೌರವಿಸುತ್ತೇನೆ. ಆದರೆ ಅದೇ ಕುಟುಂಬ ಕೊನೆಯ ದಿನ ತಾಯಿಯ ಬಳೆಯನ್ನು ಫೈನಾನ್ಸಿನಲ್ಲಿ ಅಡವಿಡುವುದನ್ನೂ, ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗುವುದನ್ನೂ ನೋಡಿದ್ದೇನೆ. ಅಂದರೆ ಬಡ್ಡಿ ತಪ್ಪಲಿಲ್ಲ, ಇನ್ನಷ್ಟು ದುಬಾರಿಯಾಯಿತು. ಬದ್ರ್ ಯುದ್ಧದಲ್ಲಿ ಸೆರೆಸಿಕ್ಕವರ ಪೈಕಿ ಹಣ ಕೊಡಲಾಗದ ಅಕ್ಷರಸ್ಥರು ತಲಾ ಹತ್ತು ಮಕ್ಕಳಿಗೆ ಓದು ಬರಹ ಕಲಿಸಿ ಬಿಡುಗಡೆ ಪಡೆಯಬಹುದೆಂದು ಪ್ರವಾದಿಯವರು(ಸ) ಅವಕಾಶ ಕೊಟ್ಟರೆಂಬುದನ್ನು ನಾವೆಲ್ಲ ಪ್ರವಚನಗಳಲ್ಲಿ ಕೇಳಿದ್ದೇವೆ. ಅಂಥ ಪರಂಪರೆಯ ಒಂದು ಊರಿನ ಜಮಾಅತ್ ಮದುವೆ ಹಾಲ್‌ಗೆ ಎರಡನೇ ಮಹಡಿ ಕಟ್ಟಲು ಹಣ ಕೂಡಿಸುತ್ತದೆ. ಅದೇ ಊರಿನ ಹುಡುಗನಿಗೆ ಪರೀಕ್ಷಾ ಶುಲ್ಕಕ್ಕೆ ಬಡ್ಡಿರಹಿತ ಕೈಸಾಲ ಕೊಡುವ ವ್ಯವಸ್ಥೆ ಇಲ್ಲ. ಬೈತುಲ್ ಮಾಲ್‌ಗೆ ಬಂದ ಹಣದಲ್ಲಿ ಒಂದು ಪಾಲನ್ನು ಇದಕ್ಕಾಗಿ ತೆಗೆದಿಡಬೇಕೆಂದು ಕೇಳಿದರೆ, "ನೋಡೋಣ" ಎನ್ನುತ್ತಾರೆ. ನೋಡುತ್ತಾ ಪರೀಕ್ಷೆಯ ಕೊನೆಯ ದಿನಾಂಕ ದಾಟಿರುತ್ತದೆ. ಆದರೆ ಬೈತುಲ್ ಮಾಲ್ ಇದ್ದರೆ ಸರಕಾರವನ್ನು ಕೇಳಬೇಕಾಗಿಲ್ಲ ಎಂದು ನನ್ನ ಮಾತನ್ನು ಯಾರೂ ಅರ್ಥ ಮಾಡಿಕೊಳ್ಳಬಾರದು. ತೆರಿಗೆ ಕೊಡುವವರು ನಾವು, ದಾನ ಕೇಳುತ್ತಿಲ್ಲ.

ತಾಯಂದಿರಿಗೆ ಒಂದು ಮಾತು. ಮನೆಯಲ್ಲಿ ಹಣ ಒಬ್ಬರಿಗೆ ಸಾಲುವಷ್ಟೇ ಇದ್ದಾಗ ಅದು ಮಗನಿಗೆ ಹೋಗುತ್ತದೆ. ಅಂಕ ಮಗಳದು ಹೆಚ್ಚಿದ್ದರೂ ಹೋಗುತ್ತದೆ. ಶುಲ್ಕ ಒಂದು ಸಾವಿರ ಏರಿದರೆ ಮೊದಲು ಕಾಲೇಜು ಬಿಡುವವಳು ಅವಳು. 2022ರ ಹಿಜಾಬ್ ವಿವಾದದಲ್ಲಿ ಸರಕಾರಿ ಕಾಲೇಜನ್ನು ಬಿಟ್ಟು ಖಾಸಗಿ ಕಾಲೇಜಿಗೆ ಹೋದ ಹೆಣ್ಣುಮಕ್ಕಳ ಮನೆಗಳು ಎಷ್ಟು ಹೆಚ್ಚುವರಿ ಶುಲ್ಕ ಹೊತ್ತವೆಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ. ಹಾಗೆ ಹೋಗಲು ಹಣವಿಲ್ಲದವರು ಮನೆಯಲ್ಲಿ ಉಳಿದರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಒಂದು ಖರ್ಚು ಇಳಿದಿದೆ. ಹಳ್ಳಿಗೆ ಕಾಲೇಜಿನ ಹೊತ್ತಿಗೆ ಬಸ್ಸೇ ಬರದಿದ್ದರೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನವೆಂದು ಕೇಳುವ ಹಕ್ಕು ಆ ಹೆಣ್ಣುಮಗಳಿಗಿದೆ. ಅವಳು ಡಿಪೋ ಮುಂದೆ ಗೆಳತಿಯರೊಂದಿಗೆ ನಿಂತು ಅದನ್ನು ಕೇಳಿದಳೆಂದು ದಯವಿಟ್ಟು ಓದು ಬಿಡಿಸಬೇಡಿರಿ.

ಈಗ ಚಹಾದ ಹೊತ್ತಿನಲ್ಲಿ ನನ್ನನ್ನು ಕರೆದ ಹಿರಿಯರಿಗೆ ಉತ್ತರ. ಶಾಂತವಾಗಿ, ನಿರಾಯುಧರಾಗಿ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನಿಟ್ಟ ಹುತಾತ್ಮರ ಸ್ಮಾರಕವಿದೆ. ಅದರ ಮುಂದೆ ದಿನವೂ ಓಡಾಡುವ ನಾವು ಪ್ರತಿಭಟನೆಯನ್ನು ಪೋಕರಿತನವೆಂದು ಹೇಗೆ ಕರೆದೇವು? ಕಲ್ಲು ಎತ್ತುವವನು, ಬಸ್ಸಿನ ಗಾಜು ಒಡೆಯುವವನು ವಿದ್ಯಾರ್ಥಿಗಳ ಶತ್ರು. ಅವನನ್ನು ವಿದ್ಯಾರ್ಥಿಗಳೇ ಹೊರಗೆ ಕಳುಹಿಸಬೇಕು. ಯಾವ ಪಕ್ಷದ ಬಾವುಟದ ಕೆಳಗೆ ನಿಲ್ಲುತ್ತೇವೆಂಬುದನ್ನೂ ನೋಡಿಕೊಳ್ಳಬೇಕು. ಚುನಾವಣೆ ಹತ್ತಿರ ಬಂದಾಗ ಮಾತ್ರ ವಿದ್ಯಾರ್ಥಿಗಳ ಮೇಲೆ ಪ್ರೀತಿ ಉಕ್ಕುವವರು ಎಲ್ಲ ಬಣ್ಣಗಳಲ್ಲಿಯೂ ಇದ್ದಾರೆ. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ದಶಕಗಳಿಂದ ನಿಂತುಹೋಗಿರುವುದರಿಂದ ವಿದ್ಯಾರ್ಥಿಯ ಪರವಾಗಿ ಆಡಳಿತದೊಂದಿಗೆ ಕುಳಿತು ಮಾತನಾಡುವ ಅಧಿಕೃತ ಪ್ರತಿನಿಧಿಯೇ ಇಲ್ಲ. ಮಾತನಾಡುವ ಕುರ್ಚಿಯನ್ನು ತೆಗೆದು, ಬೀದಿಗೆ ಏಕೆ ಬಂದಿರಿ ಎಂದು ಕೇಳುವುದು ನ್ಯಾಯವಲ್ಲ.

ಬೀದಿಗೆ ಬರುವ ಮುನ್ನ ಮಾಡಬೇಕಾದ ಕೆಲಸಗಳು ಕೆಲವಿವೆ. ಒಂದು ರೂಪಾಯಿ ಕಟ್ಟಿದರೂ ರಸೀದಿ ಕೇಳಿರಿ. ರಸೀದಿ ಕೊಡದ ಹಣ ಶುಲ್ಕವಲ್ಲ. ಯುಜಿಸಿಯ 2018ರ ಆದೇಶದ ಪ್ರಕಾರ ಯಾವ ಕಾಲೇಜೂ ವಿದ್ಯಾರ್ಥಿಯ ಮೂಲ ದಾಖಲೆಗಳನ್ನು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ಮರಳಿಸಬೇಕು. ಒಂದು ವರ್ಷ ಅಥವಾ ಸೆಮಿಸ್ಟರಿಗಿಂತ ಹೆಚ್ಚಿನ ಶುಲ್ಕವನ್ನು ಮುಂಗಡವಾಗಿ ಕೇಳುವಂತಿಲ್ಲ. ಪ್ರವೇಶದ ಕೊನೆಯ ದಿನಾಂಕಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮುನ್ನ ಸೀಟು ಬಿಟ್ಟರೆ ಅಲ್ಪ ಸೇವಾ ವೆಚ್ಚವನ್ನು ಕಳೆದು ಪೂರ್ಣ ಹಣ, ಹದಿನೈದು ದಿನಗಳ ಒಳಗಾದರೆ ಶೇ. 90, ಕೊನೆಯ ದಿನಾಂಕ ಮುಗಿದು ಹದಿನೈದು ದಿನದೊಳಗಾದರೆ ಶೇ. 80, ತಿಂಗಳೊಳಗಾದರೆ ಶೇ. 50 ಹಿಂದಿರುಗಿಸಬೇಕು. ತಿಂಗಳು ಕಳೆದರೆ ಏನೂ ಇಲ್ಲ. ಆದ್ದರಿಂದ ಅರ್ಜಿಯ ದಿನಾಂಕವೇ ಮುಖ್ಯ, ಬಾಯಿಮಾತಿನಲ್ಲಿ ಬೇಡಿಕೊಳ್ಳುತ್ತಾ ದಿನ ಕಳೆಯಬಾರದು. 2023ರ ನಿಯಮಗಳ ಪ್ರಕಾರ ಪ್ರತಿ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ, ವಿಶ್ವವಿದ್ಯಾಲಯದಲ್ಲಿ ಓಂಬುಡ್ಸ್‌ಪರ್ಸನ್ ಇರಬೇಕು. ನಿಮ್ಮ ಕಾಲೇಜಿನಲ್ಲಿ ಆ ಸಮಿತಿಯ ಸದಸ್ಯರು ಯಾರೆಂದು ನಾಳೆಯೇ ಕೇಳಿ ನೋಡಿರಿ. ಸರಕಾರಿ ವಿಶ್ವವಿದ್ಯಾಲಯ ಶುಲ್ಕ ಏರಿಸಿದರೆ ಸಿಂಡಿಕೇಟ್ ಸಭೆಯ ನಡಾವಳಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕೊಟ್ಟು ಕೇಳಬಹುದು. ಏರಿಕೆಗೆ ಕೊಟ್ಟ ಕಾರಣವೇನು, ವಿರೋಧಿಸಿದ ಸದಸ್ಯರಾರು ಎಂಬುದು ಅದರಲ್ಲಿರುತ್ತದೆ. ಆ ಕಾಗದವನ್ನು ಕೈಯಲ್ಲಿ ಹಿಡಿದು ಧರಣಿ ಕುಳಿತವರನ್ನು ಯಾವ ಅಧಿಕಾರಿಯೂ ಗದರಿಸಿ ಎಬ್ಬಿಸಲಾರ.

ಮತ್ತು ಹೆತ್ತವರು ಜೊತೆಗೆ ಹೋಗಬೇಕು. ಇದು ನನ್ನ ಮುಖ್ಯ ವಿನಂತಿ. ಹತ್ತು ವಿದ್ಯಾರ್ಥಿಗಳ ಹಿಂದೆ ಹತ್ತು ತಂದೆ ತಾಯಂದಿರು ನಿಂತರೆ ಅಲ್ಲಿ ಗಲಾಟೆಯೂ ಆಗುವುದಿಲ್ಲ, ಸುಳ್ಳು ಮೊಕದ್ದಮೆಯೂ ಸುಲಭವಾಗಿ ಬೀಳುವುದಿಲ್ಲ. ಹಿರಿಯರು ಭಯಪಟ್ಟ ವಿಷಯಕ್ಕೆ ಇದಕ್ಕಿಂತ ಉತ್ತಮ ಪರಿಹಾರ ನನಗೆ ತೋಚಿಲ್ಲ. ಅಂದು ದರ್ಜಿಯವರೊಂದಿಗೆ ನಾನು ಹೋಗಬೇಕಿತ್ತು. ಹೋಗಲಿಲ್ಲ.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟ್ ಪುಸ್ತಕ ಇಟ್ಟಿದ್ದೇವೆ. ಮೂಲ ಅಂಕಪಟ್ಟಿಯನ್ನು ಕಾಲೇಜು ಹಿಡಿದಿಟ್ಟುಕೊಂಡಿರುವವರು, ವಿದ್ಯಾರ್ಥಿವೇತನದ ಅರ್ಜಿ ಆಧಾರ್ ಜೋಡಣೆಯ ಕಾರಣಕ್ಕೆ ನಿಂತಿರುವವರು, ರಸೀದಿಯಿಲ್ಲದೆ ಹಣ ಕೊಟ್ಟವರು ತಮ್ಮ ಹೆಸರು, ಊರು, ಕಟ್ಟಿದ ದಿನಾಂಕವನ್ನು ಬರೆಸಿರಿ. ಅರ್ಜಿ ಬರೆಯಲು ನಾಲ್ವರು ಯುವಕರು ಅಲ್ಲಿಯೇ ಕುಳಿತಿದ್ದಾರೆ. ಮಗ್ರಿಬ್ ಅಝಾನ್‌ಗೆ ಇನ್ನೂ ಮುಕ್ಕಾಲು ಗಂಟೆ ಇದೆ. ಹಡಗಲಿಯ ಕೊನೆಯ ಬಸ್ಸಿಗೆ ಹೋಗಬೇಕಾದವರು ದಯವಿಟ್ಟು ಮೊದಲು ಬನ್ನಿರಿ.